ಹೊಸ ಗಾಡಿಯ ಚಾಸಿ ನಂಬರ್ ಕೈಗೆ ಬರುವವರೆಗೆ ಹಳೆಯದನ್ನು ಕೊಡಬೇಡಿ

ಹೊಸ ಕಾರಿಗೆ ಎಂಟು ತಿಂಗಳು ಕಾಯಬೇಕು, ಹನ್ನೊಂದು ವರ್ಷದ ಹಳೆಯ ಗಾಡಿಗೆ ಬ್ರೋಕರ್ ಎಂದೂ ಇಲ್ಲದ ಬೆಲೆ ಕೇಳುತ್ತಿದ್ದಾನೆ, ಬೆಲೆ ಇರುವಾಗಲೇ ಕೊಟ್ಟುಬಿಡಲೇ ಎಂದು ಕೇಳಿದ್ದೀರಿ. ಹೊಸನಗರದ ಕಡೆ ತೋಟದ ಮನೆ, ಇರುವುದು ಅದೊಂದೇ ಗಾಡಿ ಎಂದೂ ಬರೆದಿದ್ದೀರಿ. ಕೊಡಬೇಡಿ. 2021ರ ನವೆಂಬರಿನಲ್ಲಿ ನಾನು ಕೊಟ್ಟೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಅದರಲ್ಲಿ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಏರು. ಮನೆಯಲ್ಲಿದ್ದದ್ದು 2008ರ ಬೊಲೆರೊ. ಹಿಂದಿನ ಸೀಟು ಬಿಚ್ಚಿದರೆ ಅಡಿಕೆ ಮೂಟೆ, ಹಾಕಿದರೆ ಆಳುಗಳು, ಭಾನುವಾರ ತೊಳೆದರೆ ಮದುವೆ ಮನೆಗೆ ಹೋಗುವ ಗಾಡಿ. ತಳದ ತಗಡಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಕ್ಲಚ್ ಪ್ಲೇಟ್ ಸವೆದಿತ್ತು. ತೀರ್ಥಹಳ್ಳಿಯ ಮೆಕ್ಯಾನಿಕ್ ನೋಡಿ, ನಲವತ್ತು ಸಾವಿರ ಹಾಕಿ, ಇನ್ನು ಐದು ವರ್ಷ ಇದರ ಸುದ್ದಿಗೆ ಬರಬೇಡಿ ಎಂದಿದ್ದರು.

2021ರ ಅಕ್ಟೋಬರಿನಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಗುತ್ತದೆ ಎಂದು. ಊರಿನಲ್ಲಿ ಅದು ಬಾಯಿಂದ ಬಾಯಿಗೆ ಹೋಗುವಾಗ ಹದಿನೈದು ವರ್ಷದ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿಸುತ್ತಾರಂತೆ ಎಂದಾಯಿತು. ಹಳೆಯ ಗಾಡಿಗೆ ವಯಸ್ಸಿನ ಮಿತಿ ಇದ್ದದ್ದು ದೆಹಲಿಯ ಸುತ್ತಮುತ್ತ. ನಮ್ಮಲ್ಲಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ನೋಂದಣಿ ಮತ್ತೆ ಐದು ವರ್ಷಕ್ಕೆ ನವೀಕರಣವಾಗುತ್ತದೆ. ಇದನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಲು ನನಗೆ ಅರ್ಧ ದಿನ ಸಾಕಿತ್ತು. ಹೋಗಲಿಲ್ಲ. ನಿಮ್ಮ ಪ್ರಶ್ನೆಯ ಕೊನೆಯಲ್ಲೂ 'ಹೇಗೂ ಇನ್ನು ನಾಲ್ಕು ವರ್ಷಕ್ಕೆ ಗುಜರಿ' ಎಂಬ ಮಾತಿದೆ. ಆ ಭಯವನ್ನು ಮೊದಲು ತಲೆಯಿಂದ ತೆಗೆಯಿರಿ.

ವಿಜಯದಶಮಿಗೆ ಹೊಸ ಗಾಡಿ ಬುಕ್ ಮಾಡಿದೆ. ಯಾವ ಕಂಪನಿ, ಯಾವ ಶೋರೂಮ್ ಎಂಬುದು ಇಲ್ಲಿ ಬೇಡ, ಆಗ ಎಲ್ಲ ಕಡೆಯೂ ಇದೇ ಕಥೆ ಇತ್ತು. ಜನವರಿ ಕೊನೆಗೆ ಕೊಡುತ್ತೇವೆ ಎಂದರು. ದೀಪಾವಳಿ ಕಳೆದ ವಾರ ಶಿವಮೊಗ್ಗದ ಬ್ರೋಕರ್ ಒಬ್ಬ ಮನೆಗೇ ಬಂದ. ಎರಡು ಲಕ್ಷದ ಹತ್ತು ಸಾವಿರ ಬಂದರೆ ಹೆಚ್ಚು ಎಂದುಕೊಂಡಿದ್ದ ಗಾಡಿಗೆ ಎರಡು ಲಕ್ಷದ ಎಪ್ಪತ್ತೈದು ಎಂದ. ಅಪ್ಪ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು ತಲೆ ಎತ್ತಿ, 'ಹೊಸದು ಬರಲಿ, ಆಮೇಲೆ ಕೊಡು' ಎಂದರು. ಎರಡೇ ತಿಂಗಳಲ್ಲವೇ ಅಪ್ಪಯ್ಯ ಎಂದೆ. ಬೀಗದ ಕೈ ಕೊಟ್ಟೆ.

ನನ್ನ ತಪ್ಪು ಇದು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಜನ ಇದನ್ನು 'ಅವಸರಪಟ್ಟೆ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅವಸರ ಅಲ್ಲ. ಹಳೆಯ ಗಾಡಿಗೆ ಆ ಬೆಲೆ ಏಕೆ ಬಂತು ಎಂದು ನನಗೆ ಗೊತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಕಾರು ಕಂಪನಿಗಳು ಚಿಪ್‌ಗಳ ಬೇಡಿಕೆ ರದ್ದು ಮಾಡಿದ್ದವು, ಚಿಪ್ ತಯಾರಕರು ಮೊಬೈಲ್, ಲ್ಯಾಪ್‌ಟಾಪ್‌ಗಳ ಕಡೆ ತಿರುಗಿದ್ದರು. 2021ರ ಮಾರ್ಚಿನಲ್ಲಿ ಜಪಾನಿನ ನಾಕಾದಲ್ಲಿ ರೆನೆಸಾಸ್ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಮಲೇಷ್ಯಾದಲ್ಲಿ ಕೋವಿಡ್‌ನಿಂದ ಕೆಲಸ ನಿಂತಿತು. ಸೆಪ್ಟೆಂಬರಿನಲ್ಲಿ ಮಾಮೂಲಿನ ಶೇಕಡಾ 40ರಷ್ಟು ಮಾತ್ರ ಗಾಡಿ ತಯಾರಾಗಬಹುದು ಎಂದು ಮಾರುತಿಯೇ ಹೇಳಿತ್ತು. ಇಷ್ಟನ್ನೂ ಓದಿದ್ದೆ. ಹೊಸ ಗಾಡಿ ಸಿಗುತ್ತಿಲ್ಲ, ಆದ್ದರಿಂದ ಹಳೆಯದಕ್ಕೆ ಬೆಲೆ ಎಂದು ನಾಲ್ಕು ಜನಕ್ಕೆ ವಿವರಿಸಿಯೂ ಇದ್ದೆ. ಆದರೆ ಆ 'ಸಿಗುತ್ತಿಲ್ಲ' ಎಂಬುದು ನನಗೂ ಅನ್ವಯಿಸುತ್ತದೆ ಎಂದು ಹೊಳೆಯಲಿಲ್ಲ. ಬೊಲೆರೊಗೆ ಹೆಚ್ಚಿಗೆ ಬಂದ ಅರವತ್ತೈದು ಸಾವಿರವನ್ನು ಲಾಭದ ಲೆಕ್ಕಕ್ಕೆ ಬರೆದುಕೊಂಡೆ. ಯಾವ ಅಭಾವ ನನ್ನ ಹಳೆಯ ಗಾಡಿಯ ಬೆಲೆ ಏರಿಸಿತೋ ಅದೇ ಅಭಾವ ನನ್ನ ಹೊಸ ಗಾಡಿಯನ್ನು ತಡೆದು ಹಿಡಿದಿತ್ತು. ಒಂದನ್ನು ನಂಬಿ ಇನ್ನೊಂದನ್ನು ನಂಬದೆ ಹೋದೆ. ಹೊಳೆ ದಾಟುವ ಮೊದಲೇ ಅಂಬಿಗನನ್ನು ಕಳಿಸಿದೆ.

ಜನವರಿ ಹೋಯಿತು. ಯುಗಾದಿಗೆ ಎಂದರು, ಅಕ್ಷಯ ತೃತೀಯಕ್ಕೆ ಎಂದರು. ಕೊಯ್ಲಿನ ಕಾಲವನ್ನು ಪಕ್ಕದ ಮನೆಯವರ ಪಿಕಪ್‌ನಲ್ಲಿ ಹೇಗೋ ನಿಭಾಯಿಸಿದೆವು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ನಮ್ಮ ದಾರಿಯಲ್ಲಿ ಬಸ್ಸುಗಳೂ ಕಡಿಮೆ. ಬಾಡಿಗೆ ಜೀಪಿನವರು ಬೇಸಿಗೆಯಲ್ಲಾದರೆ ಬರುತ್ತಾರೆ, ಜೂನ್ ಹಿಡಿದ ಮೇಲೆ ಹಳ್ಳದ ಹೆಸರು ಹೇಳಿದರೆ ಫೋನ್ ಇಡುತ್ತಾರೆ.

ತೋಟ ಇರುವವರಾದ್ದರಿಂದ ಮುಂದಿನದು ನಿಮಗೆ ಅರ್ಥವಾಗುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ಔಷಧಿಯ, ಮಳೆಗಾಲಕ್ಕೆ ಮೊದಲಿನ ಸಿಂಪಡಣೆ ಜೂನ್ ಮೊದಲ ವಾರದಲ್ಲಿ ಮುಗಿದಿತ್ತು. ಎರಡನೆಯದು ನಲವತ್ತು–ನಲವತ್ತೈದು ದಿನಕ್ಕೆ ಬೀಳಬೇಕು, ಅಂದರೆ ಸರಿಯಾಗಿ ಜುಲೈ ನಡುವಿನ ಮಳೆಗೆ. ಆ ದಿನಗಳಲ್ಲಿ ಮಳೆ ಹೊಳವು ಕೊಡುವುದು ಮೂರು ಗಂಟೆಯೋ ನಾಲ್ಕು ಗಂಟೆಯೋ. ಔಷಧಿ ಹೊಡೆಯುವ ತಂಡದ ಮೇಸ್ತ್ರಿ ಬೆಳಗ್ಗೆ ಆರಕ್ಕೆ ಆಕಾಶ ನೋಡಿ ಫೋನ್ ಮಾಡುತ್ತಾನೆ, 'ಗೌಡರೇ, ಇವತ್ತು ಆಗಬಹುದು, ಗಾಡಿ ಕಳಿಸಿ.' ಗಾಡಿ ಕಳಿಸಿದವರ ತೋಟಕ್ಕೆ ತಂಡ ಹೋಗುತ್ತದೆ. ಹದಿಮೂರು ವರ್ಷ ಆ ಫೋನ್ ಬಂದ ಇಪ್ಪತ್ತು ನಿಮಿಷಕ್ಕೆ ಬೊಲೆರೊ ಅವರ ಮನೆ ಮುಂದೆ ನಿಲ್ಲುತ್ತಿತ್ತು. ಆ ವರ್ಷ ಎರಡು ಸಲ ಫೋನ್ ಬಂತು. ಎರಡು ಸಲವೂ ಪಿಕಪ್ ಇಲ್ಲದ ದಿನ. ಮೇಸ್ತ್ರಿಯ ಮೇಲೆ ನನಗೆ ಸಿಟ್ಟಿಲ್ಲ, ಹೊಳವು ಬಿದ್ದ ದಿನ ಅವನು ನನಗಾಗಿ ಕಾಯುವಂತಿರಲಿಲ್ಲ.

ಆ ಔಷಧಿಗೆ ಬೇಕಾದ ಮೈಲುತುತ್ತವನ್ನಾದರೂ ತಂದಿಟ್ಟುಕೊಳ್ಳೋಣ ಎಂದು ಬೈಕಿಗೆ ಕಟ್ಟಿಕೊಂಡು ಹೊರಟೆ. ಹಳ್ಳದ ಏರಿನಲ್ಲಿ ಚಕ್ರ ಜಾರಿತು. ಚೀಲ ಹರಿದು ನೀಲಿ ಹರಳು ಕೆಂಪು ಕೆಸರಿನಲ್ಲಿ ಚೆಲ್ಲಿತು. ಜಡಿ ಮಳೆ. ಎರಡು ಕೈಯಲ್ಲಿ ಬಾಚಿ ತುಂಬುತ್ತಿದ್ದಂತೆಯೇ ಅದು ಕರಗಿ ದಾರಿಯ ಗೆರೆ ಹಿಡಿದು ನೀಲಿಯಾಗಿ ಕೆಳಗೆ ಹರಿಯುತ್ತಿತ್ತು. ಅಂಗಿಯ ತೋಳಿನ ಕಲೆ ಆಮೇಲೆ ಹೋಗಲೇ ಇಲ್ಲ. ಆ ದಾರಿಯಲ್ಲಿ ಮೊಣಕಾಲೂರಿ ಕುಳಿತಿದ್ದಾಗ ನನಗೆ ಅಪ್ಪನ ಮಾತು ನೆನಪಾಗಿ ಕಣ್ಣಲ್ಲಿ ನೀರು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ.

ಎರಡನೆಯ ಔಷಧಿ ಬಿದ್ದದ್ದು ಅರವತ್ತಾರನೆಯ ದಿನ. ಅಷ್ಟರಲ್ಲಿ ಕೊಳೆ ಹತ್ತಿತ್ತು. ಬೆಳಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ, ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಪ್ಪಾಗಿ, ಮೇಲೆ ಬಿಳಿ ಬೂಷ್ಟು. ಹದಿನಾಲ್ಕು ಕ್ವಿಂಟಲ್ ಬರುತ್ತಿದ್ದ ತೋಟಕ್ಕೆ ಒಂಬತ್ತು ಬಂತು. ರಾಶಿ ಅಡಿಕೆ ಕ್ವಿಂಟಲಿಗೆ ನಲವತ್ತು ಸಾವಿರದ ಮೇಲಿದ್ದ ವರ್ಷ. ಆ ಮಳೆಯಲ್ಲಿ ಎಲ್ಲರಿಗೂ ನಷ್ಟವಾಯಿತು ಎಂದು ಸಮಾಧಾನ ಹೇಳುವವರಿದ್ದಾರೆ. ಬೇಲಿಯಾಚೆಯ ತೋಟಕ್ಕೂ ಅದೇ ಮಳೆ, ಅವರಿಗೆ ಹೋದದ್ದು ಒಂದು ಕ್ವಿಂಟಲ್. ಅವರ ತೋಟಕ್ಕೆ ಔಷಧಿ ಹೊತ್ತಿಗೆ ಸರಿಯಾಗಿ ಬಿದ್ದಿತ್ತು.

ಗಾಡಿ ಬಂದದ್ದು 2022ರ ಸೆಪ್ಟೆಂಬರಿನಲ್ಲಿ, ಚೌತಿ ಕಳೆದ ಮೇಲೆ. ಬುಕಿಂಗ್ ಫಾರ್ಮಿನ ಹಿಂಬದಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು, ಗಾಡಿ ಕೊಡುವ ದಿನ ಜಾರಿಯಲ್ಲಿರುವ ಬೆಲೆಯೇ ಅನ್ವಯ ಎಂದು. ಬುಕ್ ಮಾಡಿದಾಗ 9,78,000 ಇದ್ದದ್ದು ಆ ಹೊತ್ತಿಗೆ 10,21,000. ಬರೀ ನಲವತ್ಮೂರು ಸಾವಿರ ತಾನೇ ಎಂದುಕೊಳ್ಳಬೇಡಿ. ಆಗ ನಮ್ಮ ರಾಜ್ಯದಲ್ಲಿ ಗಾಡಿಯ ಜೀವಾವಧಿ ತೆರಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇಕಡಾ 14, ಹತ್ತು ದಾಟಿದರೆ 17, ಅದರ ಮೇಲೆ ಸೆಸ್ ಇತ್ತು. ತೆರಿಗೆಯೇ ಮತ್ತೆ ಸುಮಾರು ನಲವತ್ತು ಸಾವಿರ ಹೆಚ್ಚಾಯಿತು. ಎರಡೂ ಸೇರಿ ಎಂಬತ್ಮೂರು ಸಾವಿರ ಚಿಲ್ಲರೆ. ಬ್ರೋಕರ್ ಕೊಟ್ಟ ಅರವತ್ತೈದು ಸಾವಿರ ಎಲ್ಲಿಗೆ ಹೋಯಿತು ನೋಡಿ. ಬಣ್ಣ ಆರಿಸುವ ಹಾಗಿರಲಿಲ್ಲ. ಬೇಡದ ಸೀಟು ಕವರ್, ಬೇಡದ ಮ್ಯಾಟ್‌ಗಳಿಗೂ ದುಡ್ಡು ಕಟ್ಟಿದೆ. ಬೇಡವಾದರೆ ಹಿಂದೆ ನೂರು ಜನ ಇದ್ದಾರೆ ಎಂಬ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಮನೆಯಲ್ಲಿ ಗಾಡಿ ಇರಲಿಲ್ಲ. ಕೈಯಲ್ಲಿ ಓಡುವ ಗಾಡಿ ಇದ್ದವನು ಮಾತ್ರ ಶೋರೂಮಿನಲ್ಲಿ ಎದ್ದು ಹೊರಗೆ ಬರಬಲ್ಲ.

ನೀವು ಕೇಳಿದ್ದು 'ಈಗ ಮಾರಲೇ, ಎರಡು ತಿಂಗಳು ಬಿಟ್ಟು ಮಾರಲೇ' ಎಂದು. ಆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಹಳೆಯ ಗಾಡಿಗೆ ಬಂದ ಬೆಲೆ, ಇನ್ನೊಂದು ಗಾಡಿ ಬೇಡದವನಿಗೆ ಮಾತ್ರ ಲಾಭ. ಮನೆಯಲ್ಲಿ ಎರಡು ಗಾಡಿ ಇದ್ದು ಒಂದನ್ನು ಕೊಡುವವರು ಇವತ್ತೇ ಕೊಡಲಿ, ಒಳ್ಳೆಯದು. ನಿಮಗಿರುವುದು ಒಂದು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ತಾತ್ಕಾಲಿಕವಾಗಿ ಸಂಭಾಳಿಸಿ ಎಂದು ಇನ್ನೊಬ್ಬರು ನಿಮಗೆ ಬರೆದಿದ್ದಾರೆ. ಅದೇ ದುಬಾರಿ ಸಂತೆಯಲ್ಲಿ ನಿಮ್ಮದನ್ನು ಮಾರಿ, ಯಾರೋ ಓಡಿಸಿ ಬಿಟ್ಟದ್ದನ್ನು ಅದೇ ದುಬಾರಿ ಬೆಲೆಗೆ ಕೊಳ್ಳುವುದರಲ್ಲಿ ಏನಿದೆ? ನಿಮ್ಮ ಗಾಡಿಯ ಯಾವ ಬೋಲ್ಟ್ ಎಲ್ಲಿ ಸಡಿಲ ಎಂದು ನಿಮಗೆ ಗೊತ್ತು.

ಹೊಸದು ಬೇಕೇ ಬೇಕು ಎಂದಾದರೆ ಬುಕ್ ಮಾಡಿ, ಹಳೆಯದನ್ನು ಇಟ್ಟುಕೊಂಡೇ ಕಾಯಿರಿ. ದಿನಾಂಕ ಕೇಳಬೇಡಿ, ದಿನಾಂಕಕ್ಕೆ ಬೆಲೆಯಿಲ್ಲ. ಚಾಸಿ ನಂಬರ್ ಕೇಳಿ, ಅಂದರೆ ಕಾರ್ಖಾನೆಯಲ್ಲಿ ಒಂದೊಂದು ಗಾಡಿಗೂ ಕೊರೆಯುವ ಅದರದೇ ಗುರುತಿನ ಸಂಖ್ಯೆ. ನಿಮ್ಮ ಹೆಸರಿಗೆ ಒಂದು ಚಾಸಿ ನಂಬರ್ ಬಂದ ಮೇಲೆ ಮಾತ್ರ ಆ ಗಾಡಿ ನಿಜವಾಗಿ ಇದೆ ಎಂದು ಲೆಕ್ಕ. ಬ್ರೋಕರನಿಗೆ ಆಗ ಫೋನ್ ಮಾಡಿದರೆ ಸಾಕು, ಅಥವಾ ಗಾಡಿ ತರುವ ದಿನ ಶೋರೂಮಿಗೇ ಹಳೆಯದನ್ನು ಬಿಟ್ಟು ಬನ್ನಿ. ಅಲ್ಲಿ ಮೂವತ್ತು ಸಾವಿರ ಕಡಿಮೆ ಕೊಡುತ್ತಾರೆ. ಆ ಮೂವತ್ತು ಸಾವಿರವನ್ನು ಸಂತೋಷದಿಂದ ಬಿಟ್ಟುಕೊಡಿ.

ಅಲ್ಲಿಯವರೆಗೆ, ಮೇ ಮುಗಿಯುವುದರೊಳಗೆ ಹಳೆಯದಕ್ಕೆ ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ವೈಪರ್, ಹಿಂದಿನ ಎರಡು ಟೈರ್ ಹಾಕಿಸಿ. ತಳದ ತುಕ್ಕು ಕೆರೆದು ಬಣ್ಣ ಹೊಡೆಸಿ. ಮಾರುವ ಗಾಡಿಗೆ ಖರ್ಚು ಏಕೆ ಎಂದು ಮನೆಯಲ್ಲಿ ಕೇಳುತ್ತಾರೆ, ಕೇಳಲಿ. ನನ್ನ ಬೊಲೆರೊವನ್ನು ಕೊಂಡವರು ಬಾಳೆಹೊನ್ನೂರಿನ ಕಡೆಯವರು. ಆ ನಲವತ್ತು ಸಾವಿರದ ಕೆಲಸವನ್ನು ಅವರು ಮಾಡಿಸಿದರು, 2023ರಲ್ಲಿ ನೋಂದಣಿ ನವೀಕರಣವನ್ನೂ ಮಾಡಿಸಿದರು. 2028ರವರೆಗೆ ಚಿಂತೆಯಿಲ್ಲ. ಈಗಲೂ ಅದರಲ್ಲಿ ಕಾಫಿ ಮೂಟೆ ಸಾಗಿಸುತ್ತಾರೆ.

ನಿಮ್ಮ ಬುಕಿಂಗ್ ಫಾರ್ಮಿನ ಹಿಂಬದಿಯ ಫೋಟೊ ಇಲ್ಲಿ ಹಾಕಿ, ಹೆಸರು ನಂಬರ್ ಮುಚ್ಚಿ. ಬೆಲೆಯ ಬಗ್ಗೆ ಏನು ಬರೆದಿದ್ದಾರೆ, ರದ್ದು ಮಾಡಿದರೆ ಮುಂಗಡ ಎಷ್ಟು ಹಿಡಿದುಕೊಳ್ಳುತ್ತಾರೆ ಎಂದು ಓದಿ ಹೇಳುತ್ತೇನೆ. ಬ್ರೋಕರನಿಗೆ ಇವತ್ತು ಸಂಜೆ ಮಾತು ಕೊಡುವುದಿದ್ದರೆ ಕೊಡಬೇಡಿ.