ಪರಿಹಾರ ಕೊಟ್ರೆ ಮುಗೀತಾ ಸ್ವಾಮಿ?

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: ಬೆಂಗಳೂರಿನ ನೀರಿಗಾಗಿ ಕಾವೇರಿಗೆ ಕಟ್ಟಬೇಕು ಅಂತಿರೋ ಮೇಕೆದಾಟು ಡ್ಯಾಮಲ್ಲಿ ಮುಳುಗೋದು ಹೆಚ್ಚಾಗಿ ಕಾಡು, ನಾಲ್ಕಾರು ಹಳ್ಳಿ ಅಷ್ಟೆ, ಪರಿಹಾರ ಕೊಟ್ರೆ ಮುಗೀತು, ನಿಮ್ದೇನು ಯಾವಾಗ್ಲೂ ಅಪಸ್ವರ? ಜೊತೆಗೆ, ಶರಾವತಿ ಹಿನ್ನೀರಿನ ಮೇಲಿರೋ ಹೊಸ ಸಿಗಂದೂರು ಸೇತುವೆ ನೋಡ್ಕೊಂಡು ಬಂದ್ರಂತೆ, ಹಿನ್ನೀರಿನ ವ್ಯೂ ಸೂಪರ್ ಅಂತೆ.

ಬೆಂಗಳೂರಿಗೆ ನೀರು ಬೇಕು, ಒಪ್ಪಿದೆ. 2018ರಲ್ಲಿ ಸುಪ್ರೀಂ ಕೋರ್ಟೇ ಕುಡಿಯೋಕೆ ಅಂತ 4.75 ಟಿಎಂಸಿ ಕೊಟ್ಟಿದೆ. ಆಯ್ತಲ್ಲ, ಈಗ ನನ್ನ ಮಾತು ಕೇಳಿ.

ನೀವು ಫೋಟೋ ಹೊಡೆದ ಆ ನೀರಿನ ಕೆಳಗೆ ಊರುಗಳಿವೆ ಸ್ವಾಮಿ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಡ್ಯಾಮ್ ತುಂಬಿದಾಗ ಮುಳುಗಿದ್ದು. 1948ರ ಮಡೆನೂರು ಡ್ಯಾಮೂ ಅದರೊಳಗೇ ಮುಳುಗಿತು, ಬೇಸಿಗೇಲಿ ನೀರಿಳಿದ್ರೆ ಅದು ತಲೆ ಎತ್ತುತ್ತೆ, ಜನ ಸೆಲ್ಫಿಗೆ ಓಡ್ತಾರೆ. ಸೇತುವೆ ಇಲ್ಲದ ಕಾಲದಲ್ಲಿ ಲಾಂಚ್ ಹತ್ತಿ ಹಿನ್ನೀರಿನ ಆಚೆ ದಡದ ತುಮರಿ ಕಡೆ ಹೋಗಿದ್ದೆ. ಅಲ್ಲೊಬ್ಬ ಅಜ್ಜ ಟ್ರಂಕಿಂದ ಪ್ಲಾಸ್ಟಿಕ್ ಕೊಟ್ಟೆ ತೆಗೆದು ಜಗಲಿ ಮೇಲೆ ಕಾಗದ ಹರಡಿದ್ರು. ಅರ್ಜಿ, ಅದಕ್ಕೆ ಹಿಂಬರಹ, ಮತ್ತೆ ಅರ್ಜಿ, ಮಡಿಕೆಯಲ್ಲೆಲ್ಲ ಹರಿದು ಅನ್ನದ ಅಗಳಿಂದ ಅಂಟಿಸಿದ್ದು. "ಮನೆ ನಮ್ದು, ತೋಟ ನಮ್ದು, ಪಹಣೀಲಿ ಮಾತ್ರ ಅರಣ್ಯ ಅಂತಿದೆ ಮಾರಾಯ್ರೆ" ಅಂತ ನಕ್ರು. ನಂಗೆ ನಗು ಬರ್ಲಿಲ್ಲ. ಮುಳುಗಡೆಯೋರನ್ನ ಎಬ್ಬಿಸಿ ಕಾಡಲ್ಲಿ ಜಾಗ ತೋರಿಸಿದ್ರು, ಕಾಗದ ಆಮೇಲೆ ಅಂದ್ರು, ಅಷ್ಟರಲ್ಲಿ 1980ರ ಅರಣ್ಯ ಕಾಯ್ದೆ ಬಂತು, ಇನ್ನು ಆ ಜಾಗ ಬಿಡಿಸ್ಕೊಡೋಕೆ ದೆಹಲಿ ಒಪ್ಪಿಗೆ ಬೇಕು. ಅಜ್ಜ ಹಾಕಿದ ಅರ್ಜಿ ಹಿಡ್ಕೊಂಡು ಮೊಮ್ಮಗ ತಾಲೂಕಾಫೀಸಿಗೆ ಅಲೀತಾನೆ. ಆ ನೀರಿಂದ ಶರಾವತಿ ಪವರ್‌ಹೌಸಲ್ಲಿ 1035 ಮೆಗಾವಾಟ್ ಕರೆಂಟು, ಅದಕ್ಕೆ ಊರು ಬಿಟ್ಟೋರಿಗೆ ಸೇತುವೆ ಆಗಿದ್ದು ಮಾತ್ರ 2025ರ ಜುಲೈಲಿ.

ಅದಕ್ಕೇ ಮೇಕೆದಾಟು ಅಂದ್ರೆ ನಂಗೆ ಕೈಕಾಲು ತಣ್ಣಗಾಗೋದು. 67 ಟಿಎಂಸಿ ನಿಲ್ಲಿಸೋಕೆ ಹೆಚ್ಚುಕಮ್ಮಿ 5,000 ಹೆಕ್ಟೇರ್ ಮುಳುಗುತ್ತೆ, ಬಹುಪಾಲು ಕಾವೇರಿ ವನ್ಯಧಾಮ, ಅದೇನೋ ಸರಿ. ಆದ್ರೆ ಪರಿಹಾರ ಸಿಗೋದು ಪಹಣಿ ಇದ್ದೋರಿಗೆ. ಸಂಗಮದಲ್ಲಿ ತೆಪ್ಪ ಹಾಕೋನಿಗೆ, ಮುತ್ತತ್ತೀಲಿ ಮೀನು ಕರಿಯೋ ಹೆಂಗಸಿಗೆ ಯಾವ ಸರ್ವೆ ನಂಬರು?

ಇತ್ತ ನಮ್ಮ ಬೆಂಗಳೂರಲ್ಲಿ ಕೆರೆ ಮುಚ್ಚಿ ಬಸ್‌ಸ್ಟ್ಯಾಂಡು, ಸ್ಟೇಡಿಯಂ ಕಟ್ಟಿದ್ವಿ, ಕಾವೇರಿ ನೀರು ಅಷ್ಟು ದೂರದಿಂದ ಬಂದು ಪೈಪಲ್ಲಿ ಸೋರುತ್ತೆ, ನಮ್ಮ ಬೀದೀಲೇ ಒಂದು ಕಡೆ ಎರಡು ತಿಂಗಳಿಂದ ಸೋರ್ತಾ ಇದೆ, ಕಂಪ್ಲೇಂಟ್ ಕೊಟ್ರೆ "ನಮ್ಮ ವಾರ್ಡ್ ಅಲ್ಲ" ಅಂದ್ರು.

ಬೇಜಾರ್ ಮಾಡ್ಕೋಬೇಡಿ, ನಿಮ್ಮಂಗೆ ಕೈಯಲ್ಲಿ ಪತ್ರ ಬರೆಯೋರು ಈಗ ಎಷ್ಟು ಜನ? ಮುಂದಿನ ಸಲ ಸೇತುವೆ ದಾಟಿ ವಾಪಸ್ ತಿರುಗದೆ ತುಮರಿ ತನಕ ಹೋಗಿ, ಯಾರ ಮನೇಲಾದ್ರೂ ಕೂತು ಮುಳುಗಡೆ ವಿಷಯ ತೆಗೀರಿ. ಟೀಗಿಂತ ಮುಂಚೆ ಟ್ರಂಕು ಬರುತ್ತೆ.