ವಿರಾಜಪೇಟೆಯಿಂದ ಕೀನ್ಯಾ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ಕಾಯಿಸುವುದು ಸರಿಯಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೇರೆ ಓದುಗರಿಗೂ ತಿಳಿಯಲಿ: ನೀವು ಹತ್ತು ದಿನ ಕೀನ್ಯಾ ಸುತ್ತಿದ್ದೀರಿ. ಮಸಾಯಿ ಮಾರಾದಲ್ಲಿ ಸಿಂಹ, ನೈರೋಬಿಯಲ್ಲಿ ದೊಡ್ಡ ಮಾಲ್, ಗೈಡ್ ಜೊತೆ ಕಿಬೇರಾ ಕೊಳೆಗೇರಿಯಲ್ಲಿ ಎರಡು ಗಂಟೆ, ಕೊನೆಗೆ ಕಿಯಾಂಬುವಿನ ಒಂದು ಕಾಫಿ ತೋಟ.

'ಒಂದು ಕಡೆ, ಇನ್ನೊಂದು ಕಡೆ' ಎಂದು ಹನ್ನೊಂದು ಸಲ ಬರೆದಿದ್ದೀರಿ. ಒಂದು ಕಡೆ ಗಾಲ್ಫ್ ಮೈದಾನ, ಇನ್ನೊಂದು ಕಡೆ ತುಕ್ಕು ಹಿಡಿದ ತಗಡಿನ ಸೂರು. ಇದು ನಿಜ, ಕಿಬೇರಾದ ಪಕ್ಕದಲ್ಲೇ ಗಾಲ್ಫ್ ಮೈದಾನ ಇದೆ. ಓದುಗರಿಗೆ ಮೊದಲ ಸಲವೇ ಅರ್ಥವಾಗುತ್ತದೆ. ಆಮೇಲೆ ಅವರು ಕೇಳುವುದು ಒಂದೇ: ಇವೆರಡೂ ಅಕ್ಕಪಕ್ಕ ಬಂದದ್ದು ಹೇಗೆ? ಅದಕ್ಕೆ ನಿಮ್ಮಲ್ಲಿ ಉತ್ತರವಿಲ್ಲ.

ಉತ್ತರ ನಿಮ್ಮ ಕಾಲ ಕೆಳಗೇ ಇತ್ತು. ಕಿಬೇರಾ ಅಂದರೆ ನೂಬಿಯನ್ ಭಾಷೆಯಲ್ಲಿ ಕಾಡು. ಬ್ರಿಟಿಷರು ತಮ್ಮ ಸೈನ್ಯದಲ್ಲಿದ್ದ, ಸುಡಾನ್ ಮೂಲದ ನೂಬಿಯನ್ ಸೈನಿಕರಿಗೆ ಅಲ್ಲಿ ನೆಲೆಸಲು ಬಿಟ್ಟರು, ಹಕ್ಕುಪತ್ರ ಕೊಡಲಿಲ್ಲ. ಇವತ್ತು ಅಲ್ಲಿರುವವರಲ್ಲಿ ಹೆಚ್ಚಿನವರು ಬಾಡಿಗೆಯವರು. ಬಾಡಿಗೆ ವಸೂಲಿ ಮಾಡುವವರಲ್ಲಿ ಬಹಳ ಮಂದಿ ಅಲ್ಲಿ ವಾಸವಿಲ್ಲ. ನೀವು ಕಿಬೇರಾದ ರೈಲು ಹಳಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ, ಅಲ್ವಾ? ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ಆ ದಾರಿಯನ್ನು 1896ರಿಂದ 1901ರವರೆಗೆ ಹಾಕಿದರು. ಅದಕ್ಕೆ ನಮ್ಮ ದೇಶದಿಂದ 30,000ಕ್ಕೂ ಜಾಸ್ತಿ ಕೂಲಿಗಳನ್ನು ಒಯ್ದರು. ಸುಮಾರು 2,500 ಜನ ಅಲ್ಲೇ ಸತ್ತರು. ನೈರೋಬಿ ಊರು ಹುಟ್ಟಿದ್ದೇ ಆ ರೈಲಿನಿಂದ. ಭಾರತದಿಂದ ಹೋಗಿ ಆ ಹಳಿ ಮೇಲೆ ನಿಂತವರ ಲೇಖನದಲ್ಲಿ ಈ ಮಾತು ಇರಬೇಕಿತ್ತು.

ಈಗ ನಿಮ್ಮ ನಾಲ್ಕನೇ ಪುಟ. ಒಬ್ಬ ಹೆಂಗಸು ಹಳದಿ ಕ್ಯಾನಿನಲ್ಲಿ ನೀರು ಮಾರುತ್ತಿದ್ದಳು, 20 ಲೀಟರಿಗೆ ಇಷ್ಟು ಅಂತ ಗೈಡ್ ರೇಟು ಹೇಳಿದ ಎಂದು ಬರೆದಿದ್ದೀರಿ. ರೇಟನ್ನೇ ಬರೆದಿಲ್ಲ. ಮುಂದಿನ ಸಾಲಿನಲ್ಲಿ ಸೂರ್ಯಾಸ್ತ ಬಂತು. ನನಗೆ ಬಹಳ ಬೇಜಾರಾಯಿತು. ಮನೆಗೆ ಪೈಪು ಇರುವ ಶ್ರೀಮಂತರಿಗಿಂತ, ಕ್ಯಾನಿನಲ್ಲಿ ನೀರು ಕೊಳ್ಳುವ ಬಡವರು ಒಂದೊಂದು ಲೀಟರಿಗೂ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಾರೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿ. ಒಂದು ಮನೆಗೆ ದಿನಕ್ಕೆ ಎಷ್ಟು ಕ್ಯಾನು ಬೇಕು? ದಿನಗೂಲಿಯಲ್ಲಿ ಎಷ್ಟು ನೀರಿಗೇ ಹೋಗುತ್ತದೆ? ಸಫಾರಿ ಲಾಡ್ಜಿನಲ್ಲಿ ಒಂದು ರಾತ್ರಿಗೆ ನೀವು ಕೊಟ್ಟದ್ದೆಷ್ಟು? ಅದನ್ನೂ ಬರೆಯಿರಿ. ಆ ಹೋಲಿಕೆಯಲ್ಲಿ ನೀವೂ ಇದ್ದೀರಿ.

'ಬಡತನದಲ್ಲೂ ಮಕ್ಕಳ ಮುಖದಲ್ಲಿ ಎಂಥಾ ನಗು' ಎಂಬ ಪ್ಯಾರಾ ತೆಗೆದುಹಾಕಿ. ಹೊಸಬರನ್ನು ಕಂಡರೆ ಮಕ್ಕಳು ಎಲ್ಲಿಯಾದರೂ ನಗುತ್ತವೆ. ನಾನೂ ಹಿಂದೆ ಸಿದ್ದಾಪುರದ ಹತ್ತಿರ, ಕಾಫಿ ತೋಟದ ಕೂಲಿಯವರು ಸಾಲಾಗಿ ವಾಸಿಸುವ ಒಂದು ಲೈನ್ ಮನೆಗೆ ಹೋಗಿ ಬಂದು ಹೀಗೇ ಬರೆದಿದ್ದೆ. ಅಚ್ಚಾದ ಮೇಲೆ ಆ ಲೈನಿನಲ್ಲಿ ಬೆಳೆದ ಯರವ ಆದಿವಾಸಿ ಹುಡುಗನೊಬ್ಬ ಸಿಕ್ಕಿದ. ಮಕ್ಕಳ ನಗು ಬರೆದಿದ್ದೀರಿ, ಇಡೀ ಲೈನಿಗೆ ಒಂದೇ ನಲ್ಲಿ ಇರುವುದು ಬರೆದಿಲ್ಲ ಎಂದ. ಅಂದಿನಿಂದ ಎಲ್ಲಿ ಹೋದರೂ ಮೊದಲು ನಲ್ಲಿ ಹುಡುಕುತ್ತೇನೆ.

ಕಿಯಾಂಬುವಿನ ಭಾಗದಲ್ಲಂತೂ ನಿಮ್ಮಷ್ಟು ಚೆನ್ನಾಗಿ ಬರೆಯಲು ಬೇರೆಯವರಿಂದ ಆಗದು. ತೋಟದಲ್ಲೇ ಬೆಳೆದವರು ಎಂದು ಪತ್ರದಲ್ಲಿ ಹೇಳಿದ್ದೀರಿ. ಆದರೂ ಬರೆದದ್ದು 'ಹಚ್ಚಹಸಿರು, ಘಮಘಮ ಕಾಫಿ'. ಬಟವಾಡೆ ದಿನ ಹೇಗಿರುತ್ತದೆ, ಸಂಜೆ ತಕ್ಕಡಿ ಮುಂದೆ ಎಲ್ಲರ ಕಣ್ಣು ಎಲ್ಲಿರುತ್ತದೆ ಎಂಬುದು ನಿಮಗೆ ಗೊತ್ತು. ಇಲ್ಲಿ ಹಣ್ಣು ಕುಯ್ಯುವವರಿಗೆ ಕೆ.ಜಿ. ಲೆಕ್ಕ. ಅಲ್ಲಿ ತಗಡಿನ ಡಬ್ಬದ ಲೆಕ್ಕ. ಅದಕ್ಕೆ ಸ್ವಾಹಿಲಿಯಲ್ಲಿ 'ಡೆಬೆ' ಅನ್ನುತ್ತಾರೆ, ನಮ್ಮ ಕಡೆಯ ಡಬ್ಬವೇ ಹಡಗು ಹತ್ತಿ ಹೋದದ್ದು. ಬ್ರಿಟಿಷರ ಕಾಲದಲ್ಲಿ ಬಹಳ ವರ್ಷ ಅಲ್ಲಿನ ಆಫ್ರಿಕನ್ ರೈತರು ಕಾಫಿ ಬೆಳೆಯುವಂತೆಯೇ ಇರಲಿಲ್ಲ. ಕುಯ್ಯಬಹುದಿತ್ತು, ಬೆಳೆಯುವಂತಿರಲಿಲ್ಲ. ಒಂದು ಡೆಬೆಗೆ ಎಷ್ಟು ಕೊಡುತ್ತಾರೆ ಎಂದು ಕೇಳಿದ್ದರೆ ಅವರೂ ನಿಮ್ಮನ್ನು ಕೊಡಗಿನ ರೇಟು ಕೇಳುತ್ತಿದ್ದರು. ಅಲ್ಲಿ ಮಾತು ಹುಟ್ಟುತ್ತಿತ್ತು. ಈಗ ಇಡೀ ಲೇಖನದಲ್ಲಿ ಗೈಡ್ ಬಿಟ್ಟು ಒಬ್ಬರೂ ಮಾತಾಡಿಲ್ಲ.

ಇನ್ನೊಂದು ಸಾಲಿನ ಹತ್ತಿರ ಓದುವುದನ್ನೇ ನಿಲ್ಲಿಸಿದೆ: 'ಒಂದೇ ಕೋಣೆಯಲ್ಲಿ ಆರು ಜನ ಮಲಗುವುದನ್ನು ಜೀವನದಲ್ಲೇ ಮೊದಲ ಸಲ ಕಂಡೆ.' ಮೊದಲ ಸಲವೇ? ನಿಮ್ಮ ತೋಟದ ಲೈನಿನ ಒಳಗೆ ಹೋಗಿಲ್ಲವೇ? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಆ ಚಳಿಯಲ್ಲಿ ಜನ ಬಯಲಲ್ಲೇ ಕೂತಿದ್ದರು. ಅದು ನಿಮ್ಮ ಊರಿನಿಂದ ದೂರವೇನಲ್ಲ. ತಪ್ಪು ಹೊರಿಸಲು ಕೇಳುತ್ತಿಲ್ಲ. ದಿನಾ ಕಾಣುವುದು ನಮಗೆ ಕಾಣುವುದೇ ಇಲ್ಲ, ನನಗೂ ಹಾಗೇ ಆಗಿತ್ತು. 'ಇಲ್ಲೂ ಹಾಗೇ' ಎಂದು ಒಂದು ಸಾಲು ಅಂಟಿಸುವುದೂ ಬೇಡ. ಒಂದು ಸಂಜೆ ಲೈನಿಗೆ ಹೋಗಿ ಕೂತು ಬನ್ನಿ, ಆಮೇಲೆ ಕಿಬೇರಾದ ಭಾಗವನ್ನು ಮತ್ತೆ ಬರೆಯಿರಿ.

ಮಾರಾದ ಸಿಂಹ ಬೇಡ. ಮಕ್ಕಳ ಮುಖ ಕಾಣುವ ಫೋಟೋಗಳನ್ನೂ ಹಾಕುವುದಿಲ್ಲ, ಅವರ ಮನೆಯವರನ್ನು ನೀವು ಕೇಳಿಲ್ಲ. ಹಳಿಯ ಫೋಟೋ ಇರಲಿ. ಗೈಡ್ ನಂಬರ್ ಇದ್ದರೆ ಇವತ್ತೇ ಮೆಸೇಜ್ ಹಾಕಿ ನೀರಿನ ರೇಟು ಕೇಳಿ. ಮಳೆಗಾಲದಲ್ಲಿ ಎಷ್ಟು, ಬೇಸಿಗೆಯಲ್ಲಿ ಎಷ್ಟು ಅಂತಲೂ ಕೇಳಿ.