ಒಂದು ಕ್ಯಾನ್ಸರ್ ಗೆದ್ದವನಿಗೆ ಇನ್ನೊಂದರ ಭಯವೇಕೆ?

ಓದುಗರ ಪತ್ರ: ಮಗನಿಗೆ ಹತ್ತು ತಿಂಗಳಿದ್ದಾಗ ಎರಡೂ ಕಣ್ಣುಗಳಲ್ಲಿ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಒಂದು ಕಣ್ಣನ್ನು ತೆಗೆದರು. ಇನ್ನೊಂದನ್ನು ವಿಕಿರಣ ಚಿಕಿತ್ಸೆ ಕೊಟ್ಟು ಉಳಿಸಿದರು. ಈಗ ಅವನಿಗೆ ಹದಿನೇಳು. ಬೇರೆ ಕ್ಯಾನ್ಸರ್ ಬರಬಹುದು, ನಿಗಾ ಇರಲಿ ಎನ್ನುತ್ತಾರೆ ವೈದ್ಯರು. ಹಳೆಯದರ ಬೇರು ಉಳಿದಿದೆಯೇ? ಅಂದು ವಿಕಿರಣಕ್ಕೆ ಒಪ್ಪಿ ತಪ್ಪು ಮಾಡಿದೆವೇ?

ಸಂಪಾದಕರ ಉತ್ತರ: ಸಹೋದರಿ, ವೈದ್ಯರು ಹೇಳಿದ್ದು ಹಳೆಯ ಗಡ್ಡೆಯ ಬೇರಿನ ಮಾತಲ್ಲ. ಮೈಯ ಇನ್ನೊಂದು ಕಡೆ ಹೊಸದಾಗಿಯೇ ಹುಟ್ಟಬಹುದಾದ ಕ್ಯಾನ್ಸರಿನ ಮಾತು.

13ನೆಯ ವರ್ಣತಂತುವಿನಲ್ಲಿ ಆರ್‌ಬಿ1 ಎಂಬ ಜೀನ್ ಇದೆ. ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವುದು ಅದರ ಕೆಲಸ. ಪ್ರತಿ ಕೋಶದಲ್ಲೂ ಅದರ ಎರಡು ಪ್ರತಿಗಳಿದ್ದು, ಎರಡೂ ಕೆಟ್ಟರೆ ಗಡ್ಡೆಗೆ ದಾರಿಯಾಗುತ್ತದೆ. ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಈ 'ಎರಡು ಪೆಟ್ಟು'ಗಳ ವಿಚಾರವನ್ನು ಮುಂದಿಟ್ಟಾಗ ಜೀನ್ ಇನ್ನೂ ಪತ್ತೆಯೇ ಆಗಿರಲಿಲ್ಲ! ಎರಡೂ ಕಣ್ಣಿಗೆ ರೋಗ ಬಂದ ಮಕ್ಕಳಲ್ಲಿ ಮೊದಲ ಪೆಟ್ಟು, ಅಂದರೆ ಒಂದು ಪ್ರತಿ ಕೆಡುವುದು, ಸಾಮಾನ್ಯವಾಗಿ ಹುಟ್ಟಿನಿಂದಲೇ ಬಿದ್ದಿರುತ್ತದೆ, ಅದೂ ಕಣ್ಣಿನಲ್ಲಷ್ಟೇ ಅಲ್ಲ, ಮೂಳೆ, ಸ್ನಾಯು, ಚರ್ಮಗಳಲ್ಲೂ. ಮುಂದೆ ಮೂಳೆಯ ಆಸ್ಟಿಯೋಸಾರ್ಕೋಮಾ, ಮೃದು ಅಂಗಾಂಶದ ಸಾರ್ಕೋಮಾ, ಚರ್ಮದ ಮೆಲನೋಮಾ ಎಂಬ ಕ್ಯಾನ್ಸರ್‌ಗಳು ಬರುವ ಸಾಧ್ಯತೆ ಹೆಚ್ಚುವುದು ಇದರಿಂದಲೇ.

ವಿಕಿರಣ ಆ ಅಪಾಯವನ್ನು ಹೆಚ್ಚಿಸುತ್ತದೆ, ಒಂದು ವರ್ಷದೊಳಗಿನ ಶಿಶುಗಳಲ್ಲಿ ಇನ್ನಷ್ಟು. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ವಿಕಿರಣ ಪಡೆಯದವರಿಗೂ ಅಪಾಯ ತಪ್ಪಿದ್ದಲ್ಲ. ಮಗ ಇಂದು ಒಂದು ಕಣ್ಣಿನಿಂದಾದರೂ ಲೋಕವನ್ನು ನೋಡುತ್ತಿದ್ದಾನೆ. ಅದು ನಿಮ್ಮ ಆ ಒಪ್ಪಿಗೆಯ ಫಲ. ದಯವಿಟ್ಟು ನಿಮ್ಮನ್ನು ಹಳಿದುಕೊಳ್ಳಬೇಡಿ.

ಈಗ ಮಾಡಬೇಕಾದದ್ದು ನೋಡಿ. ಈ ವಯಸ್ಸಿನಲ್ಲಿ ಮೊಣಕಾಲಿನ ಸುತ್ತ ಬಿಡದೆ ನೋವು, ಊತ ಕಂಡರೆ 'ಆಟದಲ್ಲಿ ಉಳುಕಿರಬೇಕು' ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ವಿಕಿರಣ ತಾಗಿದ ಕೆನ್ನೆ, ಕಪಾಲದ ಭಾಗದಲ್ಲಿ ಗಂಟು ಕಂಡರೂ ತಕ್ಷಣ ಹೋಗಿ. ಸಿಟಿ ಸ್ಕ್ಯಾನ್ ಬರೆದುಕೊಟ್ಟರೆ, ಎಂಆರ್‌ಐ ಸಾಲದೇ ಎಂದು ಕೇಳಿ, ಅದರಲ್ಲಿ ಸಿಟಿಯಲ್ಲಿರುವಂತೆ ಕ್ಷ-ಕಿರಣದ ವಿಕಿರಣವಿಲ್ಲ. ಬೀಡಿ, ಸಿಗರೇಟು ಅವನ ಹತ್ತಿರ ಸುಳಿಯಬಾರದು.

ರಕ್ತದ ಜೀನ್ ಪರೀಕ್ಷೆ ಆಗಿಲ್ಲವಾದರೆ ಮಾಡಿಸಿ. ದೋಷ ಸಿಕ್ಕರೆ ತಂಗಿ, ತಮ್ಮಂದಿರಲ್ಲೂ ಅದನ್ನೇ ಹುಡುಕಬಹುದು. ತಂದೆತಾಯಿಯಲ್ಲಿ ಇಲ್ಲದ ದೋಷ ಮಗುವಿನಲ್ಲೇ ಹೊಸದಾಗಿ ಮೂಡುವುದು ಬಹಳ ಸಾಮಾನ್ಯ. ಯಾರ ವಂಶದ್ದು ಎಂಬ ಜಗಳಕ್ಕೆ ಮನೆಯಲ್ಲಿ ಎಡೆ ಕೊಡಬೇಡಿ. ಅವನ ಪ್ರತಿಯೊಂದು ಮಗುವಿಗೂ ಆ ದೋಷ ದಾಟುವ ಸಾಧ್ಯತೆ ಶೇ. 50. ಇದನ್ನು ಅವನು ಮದುವೆಗೆ ಮುಂಚೆಯೇ, ವೈದ್ಯರ ಎದುರು ಕೂತು, ತಾನೇ ಕೇಳಿ ತಿಳಿಯಲಿ. ಮುಂದಿನ ಭೇಟಿಗೆ ಅವನನ್ನೂ ಕರೆದುಕೊಂಡು ಹೋಗಿ, ಹಳೆಯ ಚಿಕಿತ್ಸೆಯ ಕಡತವನ್ನು ಅವನ ಕೈಗೇ ಕೊಡಿ.